ಕೊಯಿಲದಲ್ಲಿ ಈಜಿಪ್ಟಿನ ಪಾಠ

ಇಲ್ಲಿ ಕಲ್ಲನ್ನು ಕೊಡಲಿಯಿಂದ ಕಡಿಯುತ್ತಾರೆ. ನಾವು ಬಂದಿಳಿದ ದಿನ ಗುಡ್ಡದ ಮೇಲೆ ಇಬ್ಬರು ಆಳುಗಳು, ಬೆಲ್ಲದ ಪೆಂಟೆ ಒಡೆದ ಹಾಗೆ, ನೆಲದಿಂದ ಕೆಂಪು ಕಲ್ಲು ಕಡಿದು ಎತ್ತುತ್ತಿದ್ದರು. ನಾನು ಕೈಯಲ್ಲಿದ್ದ ಗಂಟನ್ನು ಕೆಳಗಿಡುವುದನ್ನೂ ಮರೆತು ನೋಡುತ್ತ ನಿಂತೆ.

"ಅವ್ವಾ, ಅದು ಮಣ್ಣೇನ, ಕಲ್ಲೇನ?" ಎಂದಳು ಐದು ವರ್ಷದ ಮಗಳು ಗಿರಿಜಾ.

ಬಿಜಾಪುರದ ಕರಿಕಲ್ಲಿನ ನಡುವೆ ಬೆಳೆದ ನನಗೆ ಉತ್ತರ ತಿಳಿಯಲಿಲ್ಲ. ಅದಕ್ಕೆ ಮುರಕಲ್ಲು ಎನ್ನುತ್ತಾರೆ, ನೆಲದೊಳಗೆ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ ನನ್ನ ಯಜಮಾನರಿಗೆ ಪುತ್ತೂರು ತಾಲೂಕಿನ ಕೊಯಿಲಕ್ಕೆ ವರ್ಗವಾಯಿತು. ಇಲ್ಲಿ ಸರ್ಕಾರದ ದನಗಳ ಫಾರ್ಮು ಇದೆ. ಅವರು ದನದ ಡಾಕ್ಟರು. ನಮ್ಮ ಕಡೆ ಮಳೆಗಾಗಿ ಮುಗಿಲು ನೋಡುತ್ತೇವೆ, ಇಲ್ಲಿ ಬಿಸಿಲಿಗಾಗಿ ನೋಡುತ್ತಾರೆ. ರೊಟ್ಟಿಗೆ ಜೋಳ ಸಿಗಲಿಲ್ಲ. ಕುಚ್ಚಲಕ್ಕಿಯ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಅಂಗಡಿಯಲ್ಲಿ "ಬ್ಯಾಳಿ ಅದ ಏನ್ರಿ?" ಎಂದು ಕೇಳಿದರೆ ಅಂಗಡಿಯವ ಪಕ್ಕದವನ ಮುಖ ನೋಡಿದ. ಅವರಿಬ್ಬರೂ ತುಳುವಿನಲ್ಲಿ ಮಾತಾಡಿಕೊಂಡ ಮೇಲೆ "ಬೇಳೆಯಾ? ಉಂಟು ಉಂಟು" ಎಂದ. ಒಂದೇ ಭಾಷೆಯ ರಾಜ್ಯ ಎಂದು ಹೊರಟುಬಂದವಳು ನಾನು.

ಆ ವರ್ಷದ ಮಳೆಗಾಲದಲ್ಲಿ ಇಲ್ಲಿಯೇ ನನಗೆ ಮಗ ಹುಟ್ಟಿದ. ಎರಡು ತಿಂಗಳಿಗೆ ಜ್ವರ ಬಂದು ತೀರಿಕೊಂಡ. ಗುಡ್ಡದ ಓರೆಯಲ್ಲಿ, ಮುಳಿಹುಲ್ಲು ಬೆಳೆಯುವ ಜಾಗದಲ್ಲಿ ಅವನನ್ನು ಹೂಳಿದೆವು. ಆಮೇಲೆ ಮನೆಯಲ್ಲಿ ಯಾರೂ ಅವನ ಮಾತೆತ್ತಲಿಲ್ಲ. ಗಿರಿಜಾ ಕೂಡ.

ಮುಂದಿನ ಮಳೆಗಾಲಕ್ಕೆ ಹೊಳೆ ತುಂಬಿ ಶಾಲೆಯ ದಾರಿ ಮುಚ್ಚಿತು. ಪಕ್ಕದ ಮನೆಯ ಪೂವಮ್ಮ ಬಾಗಿಲಿಗೆ ಬಂದರು. ಸುಳ್ಯದ ಕಡೆಯವರು, ಮನೆಯಲ್ಲಿ ಅರೆಭಾಷೆ ಎಂಬ ಆ ಕಡೆಯ ಕನ್ನಡ ಆಡುವವರು. ಗಂಡ ಫಾರ್ಮಿನಲ್ಲಿ ಮೇಸ್ತ್ರಿ.

"ಅಕ್ಕಾ, ನೀವು ಊರಲ್ಲಿ ಟೀಚರು ಆಗಿದ್ದವರಂತೆ. ಹೊಳೆ ಇಳಿಯುವವರೆಗೆ ನನ್ನ ಮಕ್ಕಳಿಗೂ ಎಂತದಾದರೂ ಹೇಳಿಕೊಡಿ ಮಾರಾಯ್ರೆ. ಮನೆಯಲ್ಲಿ ಕೂತು ಜಗಳ ಮಾಡುದೇ ಕೆಲಸ."

ಮದುವೆಗೆ ಮುಂಚೆ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರಾಚೀನ ಇತಿಹಾಸ ಹೇಳುತ್ತಿದ್ದೆ. ಆದರೆ ಅದು ದೊಡ್ಡ ತರಗತಿಯ ಪಾಠ. ಇಲ್ಲಿ ನನ್ನೆದುರು ಕೂತವರು ಗಿರಿಜಾ, ಪೂವಮ್ಮನ ಮಗಳು ಕುಸುಮ, ಅವಳ ತಮ್ಮ ಧರ್ಮ, ಎಲ್ಲರೂ ಹಾಲುಹಲ್ಲಿನವರು. ಇಸವಿ, ರಾಜವಂಶ ಎಲ್ಲ ಬಿಟ್ಟೆ. ಸಿಂಧೂ ಕಣಿವೆಯ ಊರನ್ನು ಮಣ್ಣಿನಲ್ಲಿ ಮಾಡಿಸಿದೆ. ಆ ತೇವದಲ್ಲಿ ಇಟ್ಟಿಗೆ ಒಣಗಬೇಕಲ್ಲ! ಪೂವಮ್ಮ ಅವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಹಲಸಿನ ಬೀಜದ ಜೊತೆ ಒಣಗಿಸಿಕೊಟ್ಟರು. ಬೀದಿ, ಚರಂಡಿ, ಬಾವಿ, ಗಾಡಿಯ ಎತ್ತು ಎಲ್ಲ ಆಯಿತು. ಈ ಊರಿನಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಈಜಿಪ್ಟು ಕಷ್ಟವಾಯಿತು. ಮಳೆಯೇ ಇಲ್ಲದ ದೇಶ ಎಂದರೆ ಧರ್ಮ ನಂಬಲಿಲ್ಲ.

"ಸುಳ್ಳು! ಮಳೆ ಇಲ್ಲದಿದ್ದರೆ ಅವರು ಎಂತ ತಿನ್ನುದು?"

ಇಲ್ಲಿನ ಕುಮಾರಧಾರೆ ಹೊಳೆಗೆ ನೆರೆ ಬಂದು ಗದ್ದೆಯಲ್ಲಿ ಮೆಕ್ಕಲು ಬಿಟ್ಟು ಹೋಗುವುದನ್ನು ಅವನೇ ಕಂಡಿದ್ದ. ನೈಲ್ ನದಿಯೂ ಹಾಗೇ ಎಂದೆ, ಒಪ್ಪಿದ. ಮರುದಿನ ಹಳೆಯ ಸೀರೆಯನ್ನು ಸೀಳಿ ಒಂದು ಗೊಂಬೆಗೆ ಸುತ್ತಿದೆವು. ಆ ದೇಶದಲ್ಲಿ ಸತ್ತವರನ್ನು ಹೀಗೆ ಸುತ್ತಿಡುತ್ತಿದ್ದರು, ಮುಂದಿನ ದಾರಿಯಲ್ಲಿ ಹಸಿವಾಗದಿರಲೆಂದು ರೊಟ್ಟಿ, ಆಡಲೆಂದು ಆಟಿಕೆ, ಎಲ್ಲ ಗೋರಿಯಲ್ಲಿ ಇಡುತ್ತಿದ್ದರು ಎಂದು ಹೇಳಿದೆ.

"ಸಣ್ಣ ಕೂಸಿದ್ರ, ಹಾಲು?" ಎಂದಳು ಗಿರಿಜಾ.

"ಹೂಂ, ಹಾಲು" ಎಂದೆ ನಾನು, ಗೊಂಬೆಯ ಕಾಲಿಗೆ ಗಂಟು ಹಾಕುತ್ತ.

ಅಂದು ಮಧ್ಯಾಹ್ನ ಊಟಕ್ಕೆ ಕೂಗಿದರೆ ಗಿರಿಜಾ ಇಲ್ಲ. ಕುಸುಮಳೂ ಇಲ್ಲ. ನನಗೆ ಕಣ್ಣೆದುರು ಬಂದದ್ದು ಹೊಳೆ. ಕೊಡೆಯೂ ಇಲ್ಲದೆ ಓಡಿದೆ. ಪೂವಮ್ಮ ಮಳೆಗೆ ಹಾಕುವ ಓಲೆಯ ಗೊರಬೆಯನ್ನು ತಲೆಗೆ ಏರಿಸಿಕೊಂಡು ಹಿಂದೆಯೇ ಬಂದರು. ಕೆಂಪು ನೀರು ದಡ ಮೀರಿ ಹರಿಯುತ್ತಿತ್ತು. ದಡದಲ್ಲಿ ಮಕ್ಕಳ ಸುಳಿವಿರಲಿಲ್ಲ. ಹೆಸರು ಹಿಡಿದು ಕೂಗುತ್ತ ದಡದುದ್ದಕ್ಕೂ ಓಡಿದೆ.

"ನಿಲ್ಲಿ ಅಕ್ಕಾ, ಅಲ್ಲಿ, ಗುಡ್ಡೆಯಲ್ಲಿ!" ಪೂವಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

ಗುಡ್ಡದ ಓರೆಯಲ್ಲಿ ಎರಡು ಪುಟ್ಟ ಬೆನ್ನುಗಳು ಕಂಡವು. ಹತ್ತಿ ಹೋದೆ. ನನ್ನ ಮಗನನ್ನು ಮಲಗಿಸಿದ ಜಾಗವನ್ನು ನನ್ನ ಮಗಳು ತೆಂಗಿನ ಚಿಪ್ಪಿನಿಂದ ಅಗೆಯುತ್ತಿದ್ದಳು.

ನಾನು ಕಿರುಚಿದೆ. ಅದು ನನ್ನ ಧ್ವನಿಯೇ ಎಂದು ನನಗೆ ಅನಿಸಲಿಲ್ಲ. ಗಿರಿಜಾ ಬೆಚ್ಚಿ ಚಿಪ್ಪು ಬಿಟ್ಟಳು. ಕುಸುಮ ಎದ್ದು ನಮ್ಮಿಬ್ಬರ ನಡುವೆ ನಿಂತು ಅಳುತ್ತ ಹೇಳಿದಳು: "ತೆಗೆಯುದಲ್ಲ ಟೀಚರಮ್ಮ, ನಾವು ಇಡುದು!"

ಆಗ ಕಂಡೆ. ಪಕ್ಕದಲ್ಲಿ ಒಂದು ಹಿತ್ತಾಳೆ ಬಟ್ಟಲು, ಹಾಲಿಗಿಂತ ಮಳೆನೀರೇ ಹೆಚ್ಚು. ಸಿಂಧೂ ಕಣಿವೆಯ ಊರಿನಿಂದ ತಂದ ಮಣ್ಣಿನ ಎತ್ತು. ಒಂದು ಹಿಡಿ ಅವಲಕ್ಕಿ.

"ತಮ್ಮಗ ನಾವು ಏನೂ ಕೊಟ್ಟಿಲ್ಲಲ್ಲ ಅವ್ವಾ," ಎಂದಳು ಗಿರಿಜಾ. "ಬರೇ ಕಳಿಸಿಬಿಟ್ವಿ."

ಪೂವಮ್ಮ ಬಗ್ಗಿ ನೋಡಿದರು. "ಹೆದರ್ಬೇಡಿ ಅಕ್ಕಾ, ಮೇಲಿನ ಮಣ್ಣು ಮಾತ್ರ. ಒಂದು ಗೇಣೂ ಆಗ್ಲಿಲ್ಲ." ತಮ್ಮ ಗೊರಬೆಯನ್ನು ಮಕ್ಕಳ ಮೇಲೆ ಹಿಡಿದು ಮೆಲ್ಲಗೆ ಸೇರಿಸಿದರು: "ತಂದದ್ದನ್ನು ವಾಪಸು ಕೊಂಡೋಗುದು ಬೇಡ. ಇಟ್ಟುಬಿಡಿ."

ಮಣ್ಣಿನ ಎತ್ತನ್ನು ನಾನೇ ಇಟ್ಟೆ. ಗಿರಿಜಾ ಬಟ್ಟಲು ಬಗ್ಗಿಸಿದಳು. ಅವನು ಹೋದ ಮೇಲೆ ಮೊದಲ ಸಲ ನಾನೂ ಅವಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು.

ಸುದ್ದಿ ಕೇಳಿ ಯಜಮಾನರು ಬಿಳಿಚಿಕೊಂಡರು. "ಸಾಕು ಮಾಡು. ಸಣ್ಣ ಹುಡುಗರಿಗೆ ಸತ್ತವರ ಸುದ್ದಿ ಯಾಕ ಬೇಕು?" ನಿಲ್ಲಿಸುವುದೇ ಸರಿ ಎಂದು ನನಗೂ ಅನಿಸಿತು. ಬೆಳಿಗ್ಗೆ ಮೂವರೂ ಚಾಪೆ ಹಾಸಿಕೊಂಡು ಕೂತಿದ್ದರು. ಧರ್ಮ ಕೇಳಿದ: "ಆ ನದಿಯವರು ಮತ್ತೆ ಎಂತ ಮಾಡಿದ್ದು?" ಮುಂದುವರಿಸಿದೆ. ನಡುವೆ ಗಿರಿಜಾ ತಮ್ಮನ ಮೂಗು ಯಾರ ಹಾಗಿತ್ತು ಎಂದು ಕೇಳಿದಳು. ಅದನ್ನೂ ಹೇಳಿದೆ. ಕೆಲವು ದಿನಗಳ ನಂತರ ಯಜಮಾನರೂ ಬಾಗಿಲಲ್ಲಿ ನಿಂತು ಪಾಠ ಕೇಳತೊಡಗಿದರು.

ಅದಾಗಿ ನಾಲ್ಕು ಮಳೆಗಾಲ ಕಳೆದಿವೆ. ಈಗ ನನಗೆ ಗಂಜಿ ಇಳಿಯುತ್ತದೆ. ಗಿರಿಜಾ ನನ್ನನ್ನೇ "ಎಂತ ಅವ್ವಾ?" ಎನ್ನುತ್ತಾಳೆ. ಕಳೆದ ವಾರ ಬಿಜಾಪುರಕ್ಕೆ ವರ್ಗದ ಆರ್ಡರು ಬಂತು. ಅದಕ್ಕಾಗಿ ದೇವರಿಗೆ ಹರಕೆ ಹೊತ್ತವಳು ನಾನು. ಕೇಳಿದೊಡನೆ ಹೊಸಿಲಿಗೆ ಬಂದು ಗುಡ್ಡದ ಓರೆಯನ್ನೇ ನೋಡುತ್ತ ಕೂತೆ. ಪೂವಮ್ಮನಿಗೆ ಹೇಳಿದೆ. "ನೀವು ಹೋಗಿ ಅಕ್ಕಾ. ಅವನು ಈ ಊರಿನವನೇ ಅಲ್ವಾ, ನಾವು ಇದ್ದೇವೆ" ಎಂದರು.

ಊರಿನಿಂದ ಅತ್ತೆ ಹೇಳಿಕಳಿಸಿದ್ದಾರೆ, "ಎಲ್ಲಾರೂ ಕೂಡಿ ಬರ್ರಿ" ಎಂದು. ಸಾಮಾನು ಕಟ್ಟುತ್ತಿದ್ದೇನೆ. ಆ 'ಎಲ್ಲಾರೂ' ಎಂಬ ಮಾತಿಗೆ ಏನು ಹೇಳಿಕಳಿಸಬೇಕೋ ತಿಳಿಯುತ್ತಿಲ್ಲ.