ದುಂಡವ್ವ ಕೇಳಿದ ಹೂವು

ಕುರಿ ಎಬ್ಬಿಸುವ ಮೊದಲು ಕುರಿಗಾರರ ದೇವರು ಬೀರಪ್ಪನ ಮೂರ್ತಿಯ ತಲೆಯ ಮೇಲೆ ಹೂವಿಟ್ಟು ಅಪ್ಪಣೆ ಕೇಳುವುದು ಕೃಷ್ಣೆಯ ಸೀಮೆಯ ಅನಂತಪುರದ ದುಂಡವ್ವನ ಪದ್ಧತಿ. ಹೂ ಬಲಕ್ಕೆ ಬಿದ್ದರೆ ಹೊರಡಬೇಕು, ಎಡಕ್ಕೆ ಬಿದ್ದರೆ ನಿಲ್ಲಬೇಕು. 2005ರ ಮಳೆಗಾಲದಲ್ಲಿ ಊರಿನ ಕುರಿಗಾರರೆಲ್ಲ ಕೃಷ್ಣೆಯ ದಂಡೆಯ ಮೇವಿಗೆ ಹೊರಟಾಗ ಹೂ ಎಡಕ್ಕೆ ಬಿತ್ತು.

“ಹೂವಿನ ಮಾತ ಕೇಳಿ ಕುರಿ ಉಪಾಸ ಕೆಡವತಿಯೇನ ಬೇ ವೈನಿ?” ಎಂದು ನಕ್ಕ ಮೈದುನ ಮಾಳಸಿದ್ದ ತನ್ನ ಹಿಂಡು ಹೊಡೆದುಕೊಂಡು ಹೋದ.

“ದೇವರು ಹೇಳಿದಂಗ ನಡ್ಯಾಕ ಆಗದಿದ್ರ ಕೇಳೂದರ ಯಾಕೋ?” ಎಂದಳು ದುಂಡವ್ವ.

ಬರಡು ಗುಡ್ಡದಲ್ಲಿ ಜಾಲಿ ಟೊಂಗೆ ಕಡಿದು ಹಾಕಿ, ಬಡಕಲಾಗುತ್ತಿದ್ದ ಕುರಿಗಳನ್ನು ಹನ್ನೊಂದು ದಿನ ಕಾದಳು. ಹನ್ನೆರಡನೆಯ ದಿನ ಹೊಳೆ ದಂಡೆಯನ್ನು ನುಂಗಿತು. ಮಾಳಸಿದ್ದ ಹಿಂಡನ್ನೆಲ್ಲ ಹೊಳೆಗೆ ಕಳಕೊಂಡು, ಒದ್ದೆ ಕಂಬಳಿ ಹೊದ್ದು ಒಬ್ಬನೇ ಗುಡ್ಡ ಹತ್ತಿ ಬಂದ. ದುಂಡವ್ವ ತನ್ನ ಹಿಂಡಿನಿಂದ ಹತ್ತು ಕುರಿ ಬೇರ್ಪಡಿಸಿ ಅವನ ಮುಂದೆ ಬಿಟ್ಟಳು.

ಇಷ್ಟು ವರ್ಷಗಳ ಮೇಲೆ ಮೊನ್ನೆ ಅವಳನ್ನು ಮಣ್ಣು ಮಾಡುವಾಗ ಬೀರಪ್ಪನ ಅರಿಶಿನಪುಡಿಯ ಮೊದಲ ಹಿಡಿ ಭಂಡಾರ ಹಾರಿಸಿದವನು ಅವನೇ. ಅವನ ಬೆನ್ನ ಹಿಂದೆ ಗುಡ್ಡದ ತುಂಬ, ಆ ಹತ್ತರಿಂದ ಬೆಳೆದ ಅವನ ಕುರಿಗಳು ಮೇಯುತ್ತಿದ್ದವು.