ಇಬೊಯಾಳ ಎಡಗೈ

ಸೆಗೆಡ್ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದ ಇಬೊಯಾಳ ಕಾಲು ಒಂದು ಕಡೆ ನಿಂತದ್ದನ್ನು ಯಾರೂ ಕಂಡಿಲ್ಲ. ಕೆಂಪು ದೀಪ ಬಿದ್ದರೆ ಸಾಕು, ಹಿಮ್ಮಡಿ ತಾಳ ಹಾಕಲು ಶುರು. "ಈ ಡ್ರೈವರಮ್ಮನ ಕಾಲಿಗೆ ಹುಳ ಹೊಕ್ಕಿದೆಯೇನ್ರೀ?" ಎಂದು ಹಿಂದಿನ ಸೀಟಿನ ಅಜ್ಜಿಯರು ನಗುತ್ತಿದ್ದರು. ಹುಳ ಹೊಕ್ಕಿದ್ದು ನಿಜ. ಹೊಕ್ಕಿದ್ದು ಎಂಟನೇ ವಯಸ್ಸಿಗೆ, ಅಪ್ಪನ ಕತ್ತಿವರಸೆ ಗರಡಿಯಲ್ಲಿ.

ಅಪ್ಪ ವೆಂಡೆಲ್ ಮೇಷ್ಟ್ರು ಗಂಡುಹುಡುಗರಿಗೆ ಸೇಬರ್ ಕಲಿಸುತ್ತಿದ್ದರು. ಮೊನೆಯಿಂದ ಚುಚ್ಚಲೂಬಹುದು, ಅಲಗಿನಿಂದ ಬೀಸಿ ಹೊಡೆಯಲೂಬಹುದು, ಅಂಥ ಕತ್ತಿ ಅದು. ಸೊಂಟದಿಂದ ಮೇಲೆ ಎಲ್ಲಿ ತಗುಲಿದರೂ ಅಂಕ. ಆಗ ಯಂತ್ರವಿಲ್ಲ, ದೀಪವಿಲ್ಲ. ತೀರ್ಪುಗಾರರು ನಾಲ್ಕು ಮಂದಿ ಕಣ್ಣು ಕಿಸಿದು ನಿಂತರೂ ಅರ್ಧಕ್ಕರ್ಧ ಏಟು ಕಾಣುತ್ತಿರಲಿಲ್ಲ. ಅದಕ್ಕೇ ಮೇಷ್ಟ್ರದೊಂದು ಕಟ್ಟಳೆ: ಏಟು ತಿಂದವರೇ ಎಡಗೈ ಎತ್ತಿ "ತಗುಲಿತು" ಅನ್ನಬೇಕು. ಬಚ್ಚಿಟ್ಟು ಸಿಕ್ಕಿಬಿದ್ದರೆ ಒಂದು ವಾರ ಗರಡಿ ಗುಡಿಸಬೇಕು. ಊರಿನ ದೊಡ್ಡ ಡಾಕ್ಟರ ಮಗನೂ ಪೊರಕೆ ಹಿಡಿದಿದ್ದ.

ಹುಡುಗರ ಕತ್ತಿ ಒರೆಸುತ್ತ, ಜೊತೆ ಸಿಗದವರ ಎದುರು ನಿಲ್ಲುತ್ತ ಇಬೊಯಾ ಕಲಿತಳು. ಯಾರೂ ಕಲಿಸಲಿಲ್ಲ, ಅವಳೇ ಕದ್ದು ಕಲಿತಳು ಅನ್ನಿ. ಹದಿನಾರರಲ್ಲಿ ಒಂದು ಸಂಜೆ, ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯ ಎಲೆಮೇರ್‌ನನ್ನು ಐದು–ಒಂದರಿಂದ ಸೋಲಿಸಿ ಅಪ್ಪನ ಬಳಿ ಓಡಿದಳು.

"ಅಪ್ಪ, ನನ್ನನ್ನೂ ಸೇಬರ್ ಪಂದ್ಯಕ್ಕೆ ಕಳಿಸ್ತೀಯಾ?"

"ಹೆಣ್ಮಕ್ಕಳಿಗೆ ಸೇಬರ್ ಪಂದ್ಯ ಎಲ್ಲಿದೆಯೇ? ಚುಚ್ಚೋ ಕತ್ತಿ ಫಾಯಿಲ್ ಹಿಡಿ."

"ಪಂದ್ಯ ಇಲ್ಲ, ಬಿಡು. ನಾನು ಆಡಿದ್ದು ಹೆಂಗಿತ್ತು, ಅದನ್ನಾದ್ರೂ ಹೇಳು."

"ಎಲೆಮೇರ್‌ಗೆ ಇವತ್ತು ಮೈ ಸರಿ ಇರ್ಲಿಲ್ಲ," ಎಂದು ಮೇಷ್ಟ್ರು ಕೋಟು ಹಾಕಿಕೊಂಡು ಹೊರಟರು.

ಎಂಥ ಮಾತು ನೋಡಿ! ಆ ಒಂದು ಮಾತು ಅವಳನ್ನು ಇಪ್ಪತ್ತೆಂಟು ವರ್ಷ ಕೂರಲು ಬಿಡಲಿಲ್ಲ. ಆರು ವರ್ಷ ಫಾಯಿಲ್ ಆಡಿದಳು. ಅದರಲ್ಲಿ ಚುಚ್ಚುವುದೊಂದೇ, ಇವಳ ಕೈಯೋ ಬೀಸುವ ಕೈ. ಪಂದ್ಯಗಳ ಅಂಕಪಟ್ಟಿಯ ನಡುವಿನಿಂದ ಮೇಲೇರಲೇ ಇಲ್ಲ. ಮದುವೆಯಾದಳು, ಬಿಟ್ಟಳು. ಟ್ರಾಮ್ ಕೆಲಸ ಸೇರಿದಳು. ಆದರೂ ಪಾಳಿ ಮುಗಿಸಿ ವಾರಕ್ಕೆರಡು ಸಲ ಗರಡಿಗೆ ಬಂದು ಸಿಕ್ಕವರ ಜೊತೆ ಸೇಬರ್ ಆಡದೆ ಬಿಡಲಿಲ್ಲ. ಅಪ್ಪ ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಕಡೆ ತಿರುಗಿರುತ್ತಿದ್ದರು.

ನಲವತ್ತನಾಲ್ಕನೇ ವಯಸ್ಸಿಗೆ ಸುದ್ದಿ ಬಂತು: ಬುಡಾಪೆಸ್ಟಿನಲ್ಲಿ ಹೆಂಗಸರಿಗೂ ಸೇಬರ್ ಪಂದ್ಯ. ಅವಳ ನೋಯುವ ಮಂಡಿ ನೋಡಿದ ಡಾಕ್ಟರು, "ಇದೊಂದು ಆಡಿ, ಆಮೇಲೆ ಸಾಕು," ಅಂದರು. ಇಬೊಯಾಗೆ ಪದಕದ ಆಸೆ ಇರಲಿಲ್ಲ. ಒಂದೇ ಒಂದು ಗೆಲುವು ಬೇಕಿತ್ತು, ಅದೂ ಅಪ್ಪನ ಕಣ್ಣೆದುರು, ಎದುರಾಳಿಗೆ ಮೈ ಸರಿ ಇರಲಿಲ್ಲ ಎಂದು ಹೇಳಲಾಗದಂಥ ಗೆಲುವು. ಎಪ್ಪತ್ತೊಂಬತ್ತರ ಮೇಷ್ಟ್ರು, "ಮನೇಲಿ ಬೇಜಾರು," ಎಂದು ತಾವಾಗಿಯೇ ರೈಲು ಹತ್ತಿದರು.

ಎದುರಾಳಿಗಳೆಲ್ಲ ಇವಳು ಫಾಯಿಲ್ ಬಿಟ್ಟ ಮೇಲೆ ಹುಟ್ಟಿದವರು. ಮೊದಲ ನಾಲ್ಕು ಆಟ ಸೋತಳು. ಕೊನೆಯದು ಹದಿನೇಳರ ಡಾಲ್ಮಾ ಜೊತೆ.

"ಆಂಟಿ, ಮಂಡಿ ನೋಯ್ತಿದ್ರೆ ಹೇಳಿ, ನಿಧಾನಕ್ಕೆ ಆಡ್ತೀನಿ."

"ಆಡು ಪುಟ್ಟಿ. ನೀನು ನಿಧಾನ ಮಾಡಿದ್ರೆ ನಾನು ಬೇಗ ಗೆದ್ದು ಮನೆಗೆ ಹೋಗ್ತೀನಿ."

ಐದು ಅಂಕದ ಆಟ, ನಾಲ್ಕು–ನಾಲ್ಕಾಯಿತು. ಇಬೊಯಾ ಮಂಡಿಯನ್ನು ಮರೆತು ನುಗ್ಗಿ ಬೀಸಿದಳು. ಏಟು ತೋರಿಸುವ ಈಗಿನ ಯಂತ್ರದ ದೀಪ ಹತ್ತಿತು, ಅವಳದೊಂದೇ. "ಐದು–ನಾಲ್ಕು!" ಎಂದರು ತೀರ್ಪುಗಾರರು. ಗೆದ್ದಳು.

ಆದರೆ ಎಡಗೈ ಆಗಲೇ ಮೇಲೆದ್ದಿತ್ತು. ಯಾರೂ ಕೇಳಿರಲಿಲ್ಲ. ಅದು ತಾನಾಗಿಯೇ ಎದ್ದಿತ್ತು.

"ತಗುಲಿತು," ಎಂದಳು. "ನಾನು ಬೀಸೋಕೆ ಮುಂಚೇನೇ, ಭುಜಕ್ಕೆ."

"ಅವಳ ದೀಪ ಹತ್ತಿಲ್ವಲ್ಲಮ್ಮ."

"ದೀಪಕ್ಕೇನ್ರೀ ಗೊತ್ತು? ಭುಜ ನಂದು."

ಪರೀಕ್ಷೆ ಮಾಡಿದರು. ಏಟು ತಗುಲಿದರೆ ದೀಪ ಹತ್ತಿಸಬೇಕಾದ ಲೋಹದೆಳೆಯ ಜಾಕೆಟ್ಟನ್ನು ಇಬೊಯಾ ಬೇರೆಯವರಿಂದ ತಂದಿದ್ದಳು; ಅದರ ಭುಜದ ಮೇಲೆ ಅಂಗೈಯಗಲ ಎಳೆ ಸವೆದು ಹೋಗಿತ್ತು. ಅಂಕ ರದ್ದು. ಜಾಕೆಟ್ ಬದಲಿಸಿ ಮತ್ತೆ ನಿಂತರು. ಡಾಲ್ಮಾ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಡೆದು ಗೆದ್ದಳು.

ಇಬೊಯಾ ಮುಖವಾಡ ಕಿತ್ತು ಬೆಂಚಿನ ಬಳಿ ಬಂದಳು. ಅಪ್ಪ ಬಾಯಿ ತೆರೆಯುವ ಮೊದಲೇ ಸಿಡಿದಳು.

"ಜಾಕೆಟ್ ಸರಿ ಇರ್ಲಿಲ್ಲ ಅಂತ ಮಾತ್ರ ಹೇಳ್ಬೇಡ! ಈ ಹಾಳು ಕೈಗೆ ಎತ್ತೋದು ಕಲಿಸಿದ್ದು ನೀನೇ!"

ಮೇಷ್ಟ್ರು ಕೋಲೂರಿ ಎದ್ದರು. ಕೋಲನ್ನು ಬಲಗೈಗೆ ಬದಲಿಸಿಕೊಂಡು, ಎಡಗೈಯನ್ನು ಮೆಲ್ಲಗೆ ಭುಜದ ಮೇಲಕ್ಕೆ ಎತ್ತಿದರು.

"ಎಲೆಮೇರ್‌ಗೆ ಅವತ್ತು ಮೈ ಚೆನ್ನಾಗೇ ಇತ್ತು ಕಣೇ," ಎಂದರು. "ತಗುಲಿತ್ತು. ನಾನು ಬಚ್ಚಿಟ್ಟೆ."

ತಬ್ಬಿಕೊಳ್ಳಬೇಕೋ ಎರಡು ಬಾರಿಸಬೇಕೋ ಅವಳಿಗೆ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಅಂದರೆ ಹುಡುಗಾಟವೇ?

"ಬಚ್ಚಿಟ್ಟೋರಿಗೆ ಏನು ಕಟ್ಟಳೆ, ಮೇಷ್ಟ್ರೇ?" ಎಂದಳು.

ಮೇಷ್ಟ್ರು ಕೋಟು ಹಾಕಿಕೊಂಡರು. ಇಬ್ಬರೂ ರೈಲು ಹತ್ತಿ ಸೆಗೆಡ್‌ಗೆ ಮರಳಿದರು.

ಸೋಮವಾರ ಬೆಳಿಗ್ಗೆ ಪಾಳಿಗೆ ಹೊರಟ ಇಬೊಯಾ ಗರಡಿಯ ಬಾಗಿಲು ತೆರೆದಿರುವುದನ್ನು ಕಂಡಳು. ಒಳಗೆ ಅಪ್ಪ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪೊರಕೆ. ಆಚೆ ಗೋಡೆಯಿಂದ ಗುಡಿಸುತ್ತ ಬರುತ್ತಿದ್ದರು. ಟ್ರಾಮ್‌ಗೆ ಹೊತ್ತಾಗುತ್ತಿತ್ತು, ಆದರೂ ಹೊಸ್ತಿಲಲ್ಲೇ ನಿಂತಳು.

"ಕಿಟಕಿ ಕೆಳಗೆ ಬಿಟ್ಟಿದ್ದೀಯ ಅಪ್ಪ," ಎಂದಳು. "ಅಲ್ಲೂ ಗುಡಿಸು."