ಪಿಕಪ್ಪಿನ ಸಪ್ಪಳ ನಿಂತ ದಿನ

ನಮ್ಮ ಆಯಿಗೆ ಕಿವಿ ಕೇಳುತ್ತಿರಲಿಲ್ಲ, ಅದಕ್ಕೇ ಮಗನ ಗಾಡಿಗೇ ಸಿಕ್ಕಳು. ನಮ್ಮೂರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮನೆಯವರೂ ಇದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೇಳುವವರಲ್ಲಿ ಯಾರೂ ಆ ಗಾಡಿಯೊಳಗೆ ಇರಲಿಲ್ಲ. ಅಪ್ಪನ ಪಕ್ಕ ಕೂತಿದ್ದವಳು ನಾನು.

ಆಗ ನಾನು ಆರನೇ ಇಯತ್ತೆ. ಸೇಡಂ ಕಡೆ ಬೆಳೆದವರಿಗೆ ಆಗಿನ ತೊಗರಿ ರಾಶಿಯ ದಿನಗಳು ನೆನಪಿರಬೇಕು. ಡಾಂಬರು ರಸ್ತೆಯ ಅರ್ಧ ಭಾಗ ಕಣವಾಗಿಬಿಡುತ್ತಿತ್ತು. ಗಿಡ ಹಾಸಿಬಿಟ್ಟರೆ ಹೋಗುವ ಬರುವ ಲಾರಿಗಳೇ ತುಳಿದು ಕಾಳು ಬಿಡಿಸುತ್ತಿದ್ದವು. ಹೊಟ್ಟಿನ ಘಾಟಿಗೆ ಇಡೀ ಊರು ಸೀನುತ್ತಿತ್ತು. ನಾವು ಹುಡುಗಿಯರು ಹಸಿ ಕಾಯಿಗಳನ್ನು ಆರಿಸಿ, ಉಪ್ಪು ಹಾಕಿ ಕುದಿಸಿ, ಬಿಸಿಬಿಸಿ ಉಡಿಯಲ್ಲಿ ಕಟ್ಟಿಕೊಂಡು ಕುಂಟಾಬಿಲ್ಲೆ ಆಡುತ್ತಾ ತಿನ್ನುತ್ತಿದ್ದೆವು. ಆಯಿ, ಅಂದರೆ ಅಪ್ಪನ ತಾಯಿ, ಕಸಬರಿಗೆ ಹಿಡಿದು ರಸ್ತೆಯ ಮೇಲೇ ಕೂತು ಕಾಳು ಬಳಿಯುತ್ತಿದ್ದಳು. ಗಾಡಿ ಬಂದರೆ ಎದ್ದು ಬದಿಗೆ, ಹೋದರೆ ಮತ್ತೆ ನಡುವೆ.

ಅಪ್ಪನದು ಹಳೆಯ ಪಿಕಪ್. ಶಹಾಬಾದದಿಂದ ಹಾಸುಗಲ್ಲು ಹೇರಿಕೊಂಡು ಚಿಂಚೋಳಿ ಕಡೆಯ ಊರುಗಳಿಗೆ ಹಾಕಿ ಬರುವುದು ಅವನ ಕೆಲಸ. ಕಲ್ಲು ತುಂಬಿದಾಗ ಗಾಡಿ ಸುಮ್ಮನಿರುತ್ತಿತ್ತು; ಖಾಲಿಯಾದ ಕೂಡಲೇ ಹಿಂದಿನಿಂದ ಕಟಕಟ ಶುರು. ನಮ್ಮೂರಿಗೆ ಬರುವ ರಸ್ತೆ ದೊಡ್ಡ ಇಳಿಜಾರು. ಡೀಸೆಲ್ ಉಳಿಯಲೆಂದು ಅಪ್ಪ ಮೇಲೆಯೇ ಎಂಜಿನ್ ಬಂದ್ ಮಾಡಿ ಗಾಡಿಯನ್ನು ಉರುಳಲು ಬಿಡುತ್ತಿದ್ದ. ಆಗ ಕೇಳುತ್ತಿದ್ದುದು ಕಟಕಟ ಒಂದೇ. ಅದು ಇನ್ನೂ ದೂರದಲ್ಲಿರುವಾಗಲೇ ಆಯಿ, ಮಗ ಬಂದ ಎನ್ನುತ್ತಾ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಕಿವುಡಿಗೆ ಇದು ಸಾಧ್ಯವೇ?

ನನಗೆ ಮಾತ್ರ ಆ ಸಪ್ಪಳವೆಂದರೆ ಅವಮಾನ. ಅಪ್ಪ ಶಾಲೆಗೆ ಬಿಡಲು ಬಂದರೆ ಗೆಳತಿಯರು, ನಿಮ್ಮಪ್ಪನ ಪಾತ್ರೆ-ಭಾಂಡೆ ಅಂಗಡಿ ಬಂತು ಎಂದು ನಗುತ್ತಿದ್ದರು. ಅತ್ತು, ಊಟ ಬಿಟ್ಟು, ಕೊನೆಗೂ ಅಪ್ಪನನ್ನು ವಾಡಿಯ ಮೆಕ್ಯಾನಿಕ್ ಖಾಜಾ ಚಾಚಾನ ಹತ್ತಿರ ಹೊರಡಿಸಿದೆ.

ಚಾಚಾ ಎರಡು ಸಲ ಗಾಡಿ ಸುತ್ತಿ, ಶಾಕಪ್ ಹೋಗಿವೆ, ಬದಲಿಸಬೇಕು ಎಂದ. ನಾನು ಸುಮ್ಮನಿರಲಿಲ್ಲ.

"ಶಾಕಪ್ ಹೋಗಿದ್ರ ಕಲ್ಲು ತುಂಬಿದಾಗೂ ಬಡೀಬೇಕಲ್ಲ ಚಾಚಾ? ಖಾಲಿ ಇದ್ದಾಗಷ್ಟೇ ಯಾಕ ಬಡೀತದ?"

ಚಾಚಾ ಬಾಯಿಂದ ಬೀಡಿ ತೆಗೆದು ಅಪ್ಪನ ಕಡೆ ನೋಡಿದ. "ನಿನ್ನ ಬೇಟಿ ವಕೀಲ ಆಗ್ತಾಳ, ಇಲ್ಲಾ ನನ್ನ ದುಕಾನ್ ಬಂದ್ ಮಾಡಸ್ತಾಳ."

ಆಮೇಲೆ ನನ್ನನ್ನು ಹಿಂದಿನ ಬಂಪರ್ ಮೇಲೆ ನಿಲ್ಲಿಸಿ ಕುಣಿ ಎಂದ. ನಾನು ಕುಣಿದೆ, ಅವನು ಕೆಳಗೆ ಮಲಗಿ ಒಂದೊಂದೇ ಜೋಡಣೆಯ ಮೇಲೆ ಕೈಯಿಟ್ಟು ನೋಡಿದ. ಸಪ್ಪಳ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕೇಳುತ್ತದೆ, ಬಡಿತ ಎಲ್ಲಿಯದೆಂದು ತಿಳಿಯುವುದು ಕೈಗೆ ಮಾತ್ರ ಎಂದು ಕೆಳಗಿನಿಂದಲೇ ಪಾಠ ಹೇಳಿದ. ಸಿಕ್ಕಿತು. ಭಾರ ಹೊರುವ ಕಮಾನಿನ ಪಾಟಾಗಳನ್ನು, ಅಂದರೆ ಉಕ್ಕಿನ ಹಲಗೆಗಳನ್ನು, ಒಟ್ಟಿಗೆ ಹಿಡಿದಿಡುವ ಕಬ್ಬಿಣದ ಪಟ್ಟಿ ಸಡಿಲಾಗಿತ್ತು. ಭಾರ ಬಿದ್ದರೆ ಪಾಟಾಗಳು ಬಾಗಿ ಪಟ್ಟಿಗೆ ಒತ್ತಿಕೊಳ್ಳುತ್ತಿದ್ದವು. ಖಾಲಿಯಾದರೆ ಪಟ್ಟಿ ಕುಣಿಯುತ್ತಿತ್ತು. ಚಾಚಾ ಅದನ್ನು ಬಿಗಿದ, ಸವೆದ ರಬ್ಬರ್ ಬುಶ್ ಒಂದನ್ನು ಬದಲಿಸಿದ. ನಾನು ಗೆದ್ದಿದ್ದೆ.

ಆ ಮಧ್ಯಾಹ್ನ ಇಳಿಜಾರಿನ ತುದಿಯಲ್ಲಿ ಅಪ್ಪ ಎಂದಿನಂತೆ ಎಂಜಿನ್ ಬಂದ್ ಮಾಡಿದ. ಈಗ ಕೇಳು, ಏನಾದರೂ ಸಪ್ಪಳ ಇದೆಯಾ ಎಂದೆ. ಅಪ್ಪ ತಲೆ ವಾಲಿಸಿ ಕೇಳಿದ. ಗಾಳಿ ಬಿಟ್ಟರೆ ಏನೂ ಇಲ್ಲ. ನನ್ನ ಮುಖ ನೋಡಿ ನಕ್ಕ. ಮತ್ತೆ ರಸ್ತೆ ನೋಡುವಷ್ಟರಲ್ಲಿ ಆಯಿಯ ಬೆನ್ನು ಎದುರಿಗೇ ಇತ್ತು. ಉಳಿದವರು ಊಟಕ್ಕೆ ಹೋಗಿದ್ದರು, ಅವಳೊಬ್ಬಳೇ ಬಾಗಿ ಕಾಳು ಬಳಿಯುತ್ತಿದ್ದಳು. ಎಂಜಿನ್ ಬಂದ್ ಇದ್ದಾಗ ಬ್ರೇಕ್ ಪೆಡಲ್ ಗಟ್ಟಿಯಾಗಿ ಪೂರ್ತಿ ಹಿಡಿಯುವುದಿಲ್ಲ. ಅಪ್ಪ ಎದ್ದು ನಿಂತಂತೆ ತುಳಿದರೂ ಗಾಡಿ ನಿಲ್ಲಲಿಲ್ಲ. ಹಾರ್ನ್ ಹೊಡೆಯುವುದು ಅವನಿಗೆ ಹೊಳೆಯಲೇ ಇಲ್ಲ.

ಆಯಿಯ ಟೊಂಕದ ಎಲುಬು ಮುರಿಯಿತು. ಜನ ಓಡಿಬಂದು ಅಪ್ಪನ ಅಂಗಿ ಹಿಡಿದರು. ಆಯಿ ತೊಗರಿಯ ಮೇಲೆ ಬಿದ್ದಲ್ಲಿಂದಲೇ ಹೇಳಿದಳು: "ಬಿಡ್ರಿ ಅವನಿಗೆ. ಹಾರನ್ ಹೊಡದಾನ. ನನಗ ಕಿವಿ ಕೇಳಂಗಿಲ್ಲ."

ಅಂದಿನಿಂದ ಅವಳು ಕಿವುಡಿ. ಅವಳು ಮಲಗಿದ್ದ ಹೊರಸಿನ ಬಳಿ ಬಂದವರೆಲ್ಲ ಕೂಗಿ ಕೂಗಿ ಮಾತಾಡಿದರು, ಅಪ್ಪನೂ. ಬರಬರುತ್ತಾ ಕೂಗಲು ಬೇಸರವಾಗಿ ಮಾತಾಡಿಸುವುದನ್ನೇ ಬಿಟ್ಟರು. ಊರ ಸುದ್ದಿಯೆಲ್ಲ ಬೇಕಿದ್ದ ಹೆಂಗಸು ಅವಳು. ಮನೆಯಲ್ಲಿ ಯಾರೂ ಇಲ್ಲದಾಗ, ಒಳಗೆ ಹಾಲು ಉಕ್ಕುತ್ತಿದೆ ಹೋಗು ಎಂದು ನನಗೆ ಪಿಸುಗುಟ್ಟುತ್ತಿದ್ದಳು. ಒಂದು ದಿನ, ನಿಜ ಹೇಳಿಬಿಡುತ್ತೇನೆ ಎಂದು ಹಟ ಮಾಡಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅವ ಮತ್ತ ಗಾಡಿ ಹತ್ತಬೇಕಲ್ಲ ಮಗಳೇ. ತಪ್ಪು ತನ್ನದೇ ಅಂತ ತಿಳ್ಕೊಂಡ್ರ ಹತ್ತತಾನೇನು?"

ಸಪ್ಪಳ ತೆಗೆಸಿದವಳು ನಾನು ಎಂದು ಹೇಳುವ ಧೈರ್ಯ ಹನ್ನೊಂದು ವರ್ಷದ ನನಗೆ ಬರಲಿಲ್ಲ.

ಮಳೆಗಾಲ ಬರುವಷ್ಟರಲ್ಲಿ ಆಯಿಯ ಬೆನ್ನೆಲ್ಲ ಹುಣ್ಣಾಗಿತ್ತು. ಅಪ್ಪನ ಅಕ್ಕ ನೋಡಲು ಬಂದಿದ್ದಳು. ಹೊರಸಿನ ಪಕ್ಕದಲ್ಲೇ ನಿಂತು ಅಪ್ಪ ಅವಳಿಗೆ ಹೇಳಿದ, ಕೂಗದೆ, ಮೆಲ್ಲಗೆ: "ಇಕಿ ನೋವು ನೋಡಲಿಕ್ಕಿ ಆಗವಲ್ದು ಅಕ್ಕಾ. ಲಗೂನ ಹೋದ್ರ ಚಲೋ."

ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮರುದಿನದಿಂದ ಗಂಜಿ ಮುಟ್ಟಲಿಲ್ಲ. ಒಂಬತ್ತನೇ ದಿನ ಹೋದಳು.

ಈಗ ತೊಗರಿ ಹೊಲದಲ್ಲೇ ಮಷಿನ್ನಿಗೆ ಬೀಳುತ್ತದೆ. ರಸ್ತೆ ಅಗಲವಾಗಿದೆ, ಅದರ ಮೇಲೆ ಕೂರುವವರು ಯಾರೂ ಇಲ್ಲ. ಕುಂಟಾಬಿಲ್ಲೆಯ ಗೆರೆಗಳಿಲ್ಲ, ಕುದಿಸಿದ ಕಾಯಿಯ ವಾಸನೆಯಿಲ್ಲ. ಅಪ್ಪನ ಹೊಸ ಗಾಡಿ ಬಂದದ್ದು ಬಾಗಿಲಲ್ಲಿ ನಿಂತ ಮೇಲೇ ತಿಳಿಯುವುದು; ಮೊದಲೇ ತಿಳಿದು ಏಳುವವಳು ಹೋಗಿಯೇ ಬಿಟ್ಟಳು.

ಯಾರೊಂದಿಗಾದರೂ ವಾದಕ್ಕೆ ನಿಲ್ಲುವ ನಾನು ಅಪ್ಪನೆದುರು ಇದೊಂದನ್ನು ಕೇಳಲಾರದೆ ಇಷ್ಟು ವರ್ಷ ಕಳೆದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪಾ, ನೀ ಹಾರ್ನ್ ಹೊಡೀಲಿಲ್ಲ ಅನ್ನೋದು ನಿನಗೂ ಗೊತ್ತಿತ್ತು. ಹಾಗಿದ್ದ ಮೇಲೆ, ಆ ದಿನ ಹೊರಸಿನ ಪಕ್ಕ ನಿಂತು ಆ ಮಾತು ಆಡುವಾಗ, ಆಯಿಗೆ ಕೇಳಂಗಿಲ್ಲ ಅಂತ ನೀ ಖರೇನೇ ನಂಬಿದ್ದಿಯೇನು?